ಮನೆಗೆ ಮಳೆನೀರು ನುಗ್ಗಿದರೆ ಮಾತ್ರೆಗಳನ್ನು ಏನು ಮಾಡಬೇಕು?

ಕೆಲವು ವರ್ಷಗಳ ಹಿಂದೆ ನಾನು ಮುಂಬೈಯ ಒಂದು ಔಷಧಿ ಅಂಗಡಿಯ ಕೌಂಟರಿನಲ್ಲಿ ಕೆಲಸ ಮಾಡುತ್ತಿದ್ದೆ. ಎರಡು ದಿನ ಬಿಡದೆ ಸುರಿದ ಮಳೆ ನಿಂತ ಮರುದಿನ ಬೆಳಿಗ್ಗೆ, ಅರವತ್ತು ದಾಟಿದ ಒಬ್ಬ ಹೆಂಗಸು ಸ್ಟೀಲ್ ಡಬ್ಬಿ ಹಿಡಿದುಕೊಂಡು ಬಂದರು. ನಾನು ಫೋನಿನಲ್ಲಿ ಕನ್ನಡ ಮಾತಾಡುತ್ತಿದ್ದದ್ದು ಕೇಳಿಸಿರಬೇಕು, "ಇದರಾಗ ಯಾವ್ದು ತಗೋಬಹುದು ನೋಡವ್ವಾ" ಎಂದು ಮುಚ್ಚಳ ತೆಗೆದರು. ಒಳಗೆ ಸ್ಟ್ರಿಪ್‌ನಿಂದ ಬಿಡಿಸಿ ಹಾಕಿಟ್ಟ ಮಾತ್ರೆಗಳು. ನೀರು ಸೇರಿ ಬಿಳಿ, ಗುಲಾಬಿ, ಹಳದಿ ಎಲ್ಲ ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗಿದ್ದವು. ಮಾತ್ರೆಗಳು ಅವರ ಯಜಮಾನರವು. ಹೃದಯಕ್ಕೆ ಸ್ಟೆಂಟ್ ಹಾಕಿಸಿ ನಾಲ್ಕೇ ತಿಂಗಳಾಗಿತ್ತು. ಹುಬ್ಬಳ್ಳಿಯ ಡಾಕ್ಟರು ಬರೆದುಕೊಟ್ಟ ಚೀಟಿಯೂ ನೆನೆದು ಅಳಿಸಿಹೋಗಿತ್ತು. ಮೂರು ದಿನದಿಂದ ಮಾತ್ರೆ ಇಲ್ಲ. "ಆರಾಮ ಇದ್ದಾರ್ರೀ, ಏನೂ ತ್ರಾಸಿಲ್ಲ" ಎಂದರು. ನನಗೆ ಹೆದರಿಕೆಯಾದದ್ದು ಆ ಮಾತಿಗೇ. ಸ್ಟೆಂಟ್‌ನೊಳಗೆ ರಕ್ತ ಹೆಪ್ಪುಗಟ್ಟುವುದಿದ್ದರೆ ಮೊದಲೇ ಸೂಚನೆ ಕೊಟ್ಟು ಬರುವುದಿಲ್ಲ.

ಪ್ರವಾಹ ಎಂದರೆ ನಮ್ಮ ಕಣ್ಣ ಮುಂದೆ ಬರುವುದು ದೋಣಿ, ಹಗ್ಗ, ತಾರಸಿಯ ಮೇಲೆ ನಿಂತ ಜನ. ನೀರು ಇಳಿದ ಮೇಲೆ ಸೊಳ್ಳೆ, ಜ್ವರ, ವಾಂತಿಭೇದಿಯ ಮಾತು ಬರುತ್ತದೆ. ಇವೆರಡರ ನಡುವಿನ ನಾಲ್ಕೈದು ದಿನಗಳಲ್ಲಿ ಬಿಪಿ, ಸಕ್ಕರೆ ಕಾಯಿಲೆ, ಮೂರ್ಛೆರೋಗ, ಹೃದ್ರೋಗ ಇರುವವರ ಮಾತ್ರೆ ಸದ್ದಿಲ್ಲದೆ ತಪ್ಪಿಹೋಗುತ್ತದೆ. ಈ ಲೇಖನ ಮುಖ್ಯವಾಗಿ ಆ ದಿನಗಳ ಬಗ್ಗೆ.

ಇದು ಅಪರೂಪದ ಸಂಗತಿಯಲ್ಲವೇ?

ಮುಂಬೈಯಲ್ಲಿ 2005ರ ಜುಲೈ 26ರಂದು ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ದಾಖಲಾಯಿತು. ಚೆನ್ನೈ 2015ರ ಡಿಸೆಂಬರ್‌ನಲ್ಲಿ ಅಡ್ಯಾರ್ ನದಿ ಉಕ್ಕಿ ಮುಳುಗಿತು, 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚಂಡಮಾರುತದಿಂದ ಮತ್ತೆ ಮುಳುಗಿತು. ಹೈದರಾಬಾದಿಗೆ 2020ರ ಅಕ್ಟೋಬರ್ ಮಳೆ ನೆನಪಿದೆ. ದೆಹಲಿಯಲ್ಲಿ 2023ರ ಜುಲೈನಲ್ಲಿ ಯಮುನೆ 208.66 ಮೀಟರ್‌ಗೆ ಏರಿ 1978ರ ದಾಖಲೆಯನ್ನು ಮುರಿಯಿತು. ಪುಣೆಯಲ್ಲಿ 2019ರ ಸೆಪ್ಟೆಂಬರ್‌ನಲ್ಲಿ ಆಂಬಿಲ್ ಓಢಾ ಎಂಬ ಹಳ್ಳ ಒಂದೇ ರಾತ್ರಿಯಲ್ಲಿ ಮನೆಗಳಿಗೆ ನುಗ್ಗಿತು.

ಮಧ್ಯ ಭಾರತದಲ್ಲಿ ವಿಶಾಲ ಪ್ರದೇಶಕ್ಕೆ ಒಮ್ಮೆಲೇ ಸುರಿಯುವ ಅತಿಮಳೆಯ ಪ್ರಸಂಗಗಳು 1950ರಿಂದ 2015ರ ನಡುವೆ ಸುಮಾರು ಮೂರು ಪಟ್ಟು ಹೆಚ್ಚಿವೆ ಎಂದು ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು 2017ರಲ್ಲಿ ತೋರಿಸಿಕೊಟ್ಟರು. ಬಿಸಿಯಾಗುತ್ತಿರುವ ಅರಬ್ಬೀ ಸಮುದ್ರದಿಂದ ಹೆಚ್ಚು ತೇವಾಂಶ ಬರುತ್ತಿರುವುದು ಇದಕ್ಕೆ ಒಂದು ಕಾರಣ. ಕೆರೆ, ನಾಲೆಗಳ ಮೇಲೆ ನಾವೇ ಕಟ್ಟಿಕೊಂಡ ಊರು ಇನ್ನೊಂದು ಕಾರಣ, ಅದನ್ನು ಹೇಳಲು ವಿಜ್ಞಾನಿಗಳೇ ಬೇಕಿಲ್ಲ. ಒಟ್ಟಿನಲ್ಲಿ, ನೆಲಮಹಡಿಯಲ್ಲಿ ಇರುವವರು ಮತ್ತು ಇಳಿಜಾರಿನ ಬಡಾವಣೆಗಳವರು ಇದನ್ನು ಪ್ರತಿವರ್ಷದ ಲೆಕ್ಕದಲ್ಲಿಯೇ ಇಟ್ಟುಕೊಳ್ಳುವುದು ಒಳ್ಳೆಯದು.

ನೀರು ತಾಗಿದ ಔಷಧಿ: ಯಾವುದನ್ನು ಎಸೆಯಬೇಕು?

ಪ್ರವಾಹದ ನೀರು ಬರೀ ಮಳೆನೀರಲ್ಲ. ಅದರಲ್ಲಿ ಚರಂಡಿ, ಶೌಚಗುಂಡಿ, ಡೀಸೆಲ್, ಇಲಿಯ ಮೂತ್ರ ಎಲ್ಲವೂ ಸೇರಿರುತ್ತದೆ. ಆದ್ದರಿಂದ ಆ ನೀರು ತಾಗಿದ ಔಷಧಿಯನ್ನು ಒಣಗಿಸಿ ಬಳಸುವ ಯೋಚನೆ ಬೇಡ ಎಂಬುದು ಮೊದಲ ನಿಯಮ. ಬಿಡಿ ಮಾತ್ರೆ, ಕ್ಯಾಪ್ಸೂಲ್, ಪುಡಿ, ನೀರು ಬೆರೆಸಿ ತಯಾರಿಸುವ ಮಕ್ಕಳ ಆ್ಯಂಟಿಬಯಾಟಿಕ್ ಸಿರಪ್, ಕಣ್ಣಿನ ಹನಿ, ಬಾಯಿ ತೆರೆದ ಮುಲಾಮು, ಹತ್ತಿ, ಬ್ಯಾಂಡೇಜ್ ಇವೆಲ್ಲ ನೇರವಾಗಿ ಕಸಕ್ಕೆ. ತಿರುಗಿಸುವ ಮುಚ್ಚಳದ ಬಾಟಲಿ ಬಿಗಿಯಾಗಿಯೇ ಇತ್ತು ಎಂದು ಹಲವರು ವಾದಿಸುತ್ತಾರೆ. ಆ ಮುಚ್ಚಳಗಳು ನೀರಿನಲ್ಲಿ ಮುಳುಗಲೆಂದು ಮಾಡಿದವಲ್ಲ. ಒಳಗೆ ನೀರು ಹೋಗಿರುವುದು ಕಣ್ಣಿಗೆ ಕಾಣಬೇಕೆಂದೂ ಇಲ್ಲ.

ಸ್ಟ್ರಿಪ್‌ಗಳ ವಿಷಯದಲ್ಲಿ ಸ್ವಲ್ಪ ಯೋಚಿಸಬೇಕಾಗುತ್ತದೆ. ಪ್ರತಿ ಮಾತ್ರೆಯೂ ತನ್ನ ಗೂಡಿನಲ್ಲಿ ಸೀಲ್ ಆಗಿರುವುದರಿಂದ ಹೊರಗೆ ಒದ್ದೆಯಾದರೂ ಒಳಗಿನ ಮಾತ್ರೆ ಒಣಗಿರಬಹುದು. ಬೇರೆ ಸ್ಟ್ರಿಪ್ ಸಿಗುವಂತಿದ್ದರೆ ಇದನ್ನೂ ಬಿಟ್ಟುಬಿಡಿ. ಆದರೆ ಅದು ಮೂರ್ಛೆಯ ಮಾತ್ರೆ ಅಥವಾ ಸ್ಟೆಂಟ್ ನಂತರದ ಮಾತ್ರೆ, ಅಂಗಡಿಗಳು ಮುಚ್ಚಿವೆ, ರಸ್ತೆಯಲ್ಲಿ ಇನ್ನೂ ಸೊಂಟದವರೆಗೆ ನೀರಿದೆ ಎಂದಿದ್ದರೆ? ಆಗ ಸ್ಟ್ರಿಪ್ಪನ್ನು ಶುದ್ಧ ನೀರಿನಿಂದ ಒರೆಸಿ, ಬಟ್ಟೆಯಲ್ಲಿ ಒಣಗಿಸಿ, ಕೈ ತೊಳೆದುಕೊಂಡು ಒಂದು ಗೂಡು ಒಡೆದು ನೋಡಿ. ಮಾತ್ರೆ ಗಟ್ಟಿಯಾಗಿ, ಮೊದಲಿನ ಬಣ್ಣದಲ್ಲೇ, ಪೂರ್ತಿ ಒಣಗಿದ್ದರೆ ಹೊಸದು ಸಿಗುವವರೆಗೆ ಅದನ್ನೇ ತೆಗೆದುಕೊಳ್ಳಬಹುದು. ಉಬ್ಬಿದ, ಮೆತ್ತಗಾದ, ಬಣ್ಣ ಬಿಟ್ಟ ಮಾತ್ರೆ ಬೇಡ. ಜೀವರಕ್ಷಕ ಮಾತ್ರೆಯನ್ನು ಪೂರ್ತಿ ಬಿಡುವುದಕ್ಕಿಂತ ಹೊರಗೆ ಮಾತ್ರ ಒದ್ದೆಯಾದ ಸ್ಟ್ರಿಪ್‌ನದು ಕಡಿಮೆ ಅಪಾಯ. ಇದು ವಿಟಮಿನ್, ಕ್ಯಾಲ್ಸಿಯಂ ಮಾತ್ರೆಗಳಿಗೆ ಅನ್ವಯಿಸುವ ವಿನಾಯಿತಿ ಅಲ್ಲ, ಅವನ್ನು ಎಸೆಯಿರಿ.

ದಮ್ಮಿನವರಿಗೆ ಒಂದು ಮಾತು. ಪುಡಿ ತುಂಬಿದ ಕ್ಯಾಪ್ಸೂಲ್ ಹಾಕಿ ಎಳೆಯುವ ಸಾಧನ ಬಳಸುವವರಾದರೆ, ಆ ಕ್ಯಾಪ್ಸೂಲ್‌ಗಳು ತೇವದ ಗಾಳಿಗೇ ಮೆತ್ತಗಾಗುತ್ತವೆ, ಪುಡಿ ಒಳಗೇ ಅಂಟಿಕೊಳ್ಳುತ್ತದೆ. ನೀರು ತಾಗಿದ್ದರೆ ಅದರಿಂದ ಮದ್ದು ಶ್ವಾಸಕೋಶಕ್ಕೆ ತಲುಪುವುದಿಲ್ಲ. ವಿದ್ಯುತ್ ಹೋದಾಗ ನೆಬ್ಯುಲೈಸರ್ ಕೂಡ ಸುಮ್ಮನೆ ಕೂರುತ್ತದೆ. ಮಳೆಗಾಲಕ್ಕೆ ಮೊದಲೇ ಡಾಕ್ಟರನ್ನು ಕೇಳಿ ಒತ್ತುವ ಇನ್‌ಹೇಲರ್ ಮತ್ತು ಸ್ಪೇಸರ್ ಒಂದನ್ನು ಇಟ್ಟುಕೊಂಡರೆ ಕರೆಂಟಿನ ಹಂಗಿರುವುದಿಲ್ಲ.

ಎಸೆಯುವಾಗ ಮಾತ್ರೆಗಳನ್ನು ಸ್ಟ್ರಿಪ್‌ನಿಂದ ಬಿಡಿಸಿ, ಮಣ್ಣು ಅಥವಾ ಬಳಸಿದ ಚಹಾಪುಡಿಯೊಂದಿಗೆ ಕಲಸಿ, ಚೀಲದಲ್ಲಿ ಕಟ್ಟಿ ಹಾಕಿ. ಖಾಲಿ ಸ್ಟ್ರಿಪ್ ಕತ್ತರಿಸಿ. ನೆರೆ ಇಳಿದ ಬೀದಿಯಲ್ಲಿ ಬಿದ್ದ ಮಾತ್ರೆಗಳನ್ನು ಮಕ್ಕಳು ಎತ್ತಿಕೊಳ್ಳುತ್ತಾರೆ.

ಕರೆಂಟ್ ಹೋದರೆ ಇನ್ಸುಲಿನ್ ಹಾಳಾಗುತ್ತದೆಯೇ?

ಇದು ನನಗೆ ಅತಿ ಹೆಚ್ಚು ಬಂದ ಪ್ರಶ್ನೆ. ಹೆದರಿ ಒಳ್ಳೆಯ ಇನ್ಸುಲಿನ್ ಎಸೆದವರನ್ನೂ, ಐಸ್ ಮೇಲಿಟ್ಟು ಹೆಪ್ಪುಗಟ್ಟಿದ್ದನ್ನು ಚುಚ್ಚಿಕೊಂಡವರನ್ನೂ ನೋಡಿದ್ದೇನೆ.

ತೆರೆಯದ ಇನ್ಸುಲಿನ್‌ಗೆ ಫ್ರಿಜ್‌ನ 2ರಿಂದ 8 ಡಿಗ್ರಿ ಸೆಲ್ಸಿಯಸ್ ಬೇಕು ಎಂಬುದು ನಿಜ. ಆದರೆ ಕರೆಂಟ್ ಹೋದ ಕ್ಷಣಕ್ಕೆ ಅದು ಕೆಡುವುದಿಲ್ಲ. 30 ಡಿಗ್ರಿಯೊಳಗಿನ ಕೋಣೆಯ ಉಷ್ಣತೆಯಲ್ಲಿ ಹೆಚ್ಚಿನ ಇನ್ಸುಲಿನ್‌ಗಳು ಸುಮಾರು 4 ವಾರ ಕೆಲಸ ಮಾಡುತ್ತವೆ. ನಿಮ್ಮದಕ್ಕೆ ಎಷ್ಟು ದಿನ ಎಂಬುದನ್ನು ಅದರ ಜೊತೆ ಬರುವ ಮಡಚಿದ ಕಾಗದದಲ್ಲಿ ನೋಡಿಕೊಳ್ಳಿ. ಫ್ರಿಜ್ ಬಾಗಿಲು ತೆರೆಯದಿದ್ದರೆ ತಂಪು ಸುಮಾರು 4 ಗಂಟೆ ಉಳಿಯುತ್ತದೆ. ಅದಾದ ಮೇಲೆ ಬಾಟಲಿಯ ಮೇಲೆ ಆ ದಿನದ ದಿನಾಂಕ ಬರೆದು, ಅಂದಿನಿಂದ ದಿನ ಎಣಿಸಿ. ಕರೆಂಟ್ ಬಂದ ಮೇಲೆ ಮತ್ತೆ ಫ್ರಿಜ್‌ನಲ್ಲಿಟ್ಟರೂ ಎಣಿಕೆ ನಿಲ್ಲಿಸಬೇಡಿ.

ಬಿಸಿಲುಕಾಲದಲ್ಲಿ ನಮ್ಮ ಹಿರಿಯರು ಹೇಳುವ ಮಣ್ಣಿನ ಮಡಕೆಯ ಉಪಾಯ ನಿಜಕ್ಕೂ ಒಳ್ಳೆಯದು. ನೀರು ಆವಿಯಾಗುತ್ತಾ ಮಡಕೆಯನ್ನು ತಣ್ಣಗಿಡುತ್ತದೆ. ಆದರೆ ಮಳೆಗಾಲದ ತೇವದ ಗಾಳಿಯಲ್ಲಿ ನೀರು ಆವಿಯಾಗುವುದೇ ಕಡಿಮೆ, ಹಾಗಾಗಿ ಮಡಕೆ ಅಷ್ಟು ತಂಪು ಕೊಡುವುದಿಲ್ಲ. ಸಮಾಧಾನವೆಂದರೆ ಮಳೆ ಹಿಡಿದ ದಿನಗಳಲ್ಲಿ ಕೋಣೆಯೂ ಅಷ್ಟು ಬಿಸಿ ಇರುವುದಿಲ್ಲ. ಒಲೆಯಿಂದ, ಕಿಟಕಿಯ ಬಿಸಿಲಿನಿಂದ ದೂರ, ಮನೆಯ ತಂಪಾದ ಮೂಲೆಯಲ್ಲಿ ಎತ್ತರಕ್ಕೆ ಇಟ್ಟರೆ ಸಾಕು. ಐಸ್ ಇದ್ದರೆ ಬಾಟಲಿಯನ್ನು ಟವೆಲ್‌ನಲ್ಲಿ ಸುತ್ತಿ ಪಕ್ಕಕ್ಕಿಡಿ, ಐಸ್‌ಗೆ ತಾಗಿಸಬೇಡಿ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ನಂಬುವಂಥದ್ದಲ್ಲ.

ನೋಡಿ ಗುರುತಿಸುವುದು ಹೇಗೆ? ನೀರಿನಂತೆ ತಿಳಿಯಾಗಿರಬೇಕಾದ ಇನ್ಸುಲಿನ್ ಮಬ್ಬಾದರೆ ಎಸೆಯಬೇಕು. ಮೊದಲಿನಿಂದಲೂ ಹಾಲಿನಂತಿರುವ ಮಿಶ್ರ ಇನ್ಸುಲಿನ್ ನಿಧಾನಕ್ಕೆ ಉರುಳಿಸಿದಾಗ ಸಮನಾಗಿ ಬೆರೆಯಬೇಕು, ಗಂಟು ಉಳಿದರೆ ಅಥವಾ ಗಾಜಿಗೆ ಬಿಳಿ ಹರಳು ಅಂಟಿದರೆ ಎಸೆಯಬೇಕು. ಪ್ರವಾಹದ ನೀರಿನಲ್ಲಿ ಮುಳುಗಿದ ಬಾಟಲಿ, ಪೆನ್, ಸೂಜಿ ಯಾವುದೂ ಬೇಡ. ನೋಡಲು ಚೆನ್ನಾಗಿದ್ದರೂ ಶಕ್ತಿ ಕುಂದಿರಬಹುದು, ಆದ್ದರಿಂದ ಆ ವಾರ ಗ್ಲೂಕೋಮೀಟರ್‌ನಲ್ಲಿ ಎರಡು ಸಲ ಹೆಚ್ಚೇ ನೋಡಿ. ಅದರ ಪಟ್ಟಿಗಳ ಡಬ್ಬಿಯ ಮುಚ್ಚಳವನ್ನೂ ಬಿಗಿಯಾಗಿ ಹಾಕಿಡಿ, ತೇವ ತಾಗಿದರೆ ಅವು ತಪ್ಪು ಲೆಕ್ಕ ತೋರಿಸುತ್ತವೆ. ಟೈಪ್ 1 ಮಧುಮೇಹದವರು ಊಟ ಸರಿಯಾಗಿ ಸಿಗುತ್ತಿಲ್ಲ ಎಂದು ಇನ್ಸುಲಿನ್ ಪೂರ್ತಿ ನಿಲ್ಲಿಸಲೇಬಾರದು. ಎಷ್ಟು ಕಡಿಮೆ ಮಾಡಬೇಕೆಂದು ಡಾಕ್ಟರಿಗೆ ಫೋನ್ ಮಾಡಿ ಕೇಳಿ.

ಯಾವ ಮಾತ್ರೆ ಒಂದು ದಿನವೂ ತಪ್ಪಬಾರದು?

ಮಾತ್ರೆಗಳೆಲ್ಲ ಒಂದೇ ಅಲ್ಲ. ಥೈರಾಯ್ಡ್ ಮಾತ್ರೆ ದೇಹದಲ್ಲಿ ಬಹಳ ದಿನ ಉಳಿಯುತ್ತದೆ, ಮೂರು ದಿನ ತಪ್ಪಿದರೆ ಸಾಮಾನ್ಯವಾಗಿ ಅನಾಹುತವಿಲ್ಲ. ಕೊಲೆಸ್ಟ್ರಾಲ್, ಕಬ್ಬಿಣಾಂಶ, ಕ್ಯಾಲ್ಸಿಯಂ ಮಾತ್ರೆಗಳೂ ಕೆಲವು ದಿನ ಕಾಯಬಲ್ಲವು. ಕಾಯಬಲ್ಲವು ಎಂದರೆ ಬೇಡವೇ ಬೇಡ ಎಂದಲ್ಲ, ಅಂಗಡಿ ತೆರೆದ ಮೇಲೆ ಮೊದಲಿನಂತೆ ಶುರುಮಾಡಬೇಕು.

ಕೆಲವಕ್ಕೆ ಈ ತಾಳ್ಮೆ ಇಲ್ಲ. ಮೂರ್ಛೆರೋಗದ ಮಾತ್ರೆ ಥಟ್ಟನೆ ನಿಂತರೆ ಒಂದರ ಹಿಂದೊಂದು ಫಿಟ್ಸ್ ಬರಬಹುದು. ಸ್ಟೆಂಟ್ ಹಾಕಿದವರು ತೆಗೆದುಕೊಳ್ಳುವ ಕ್ಲೊಪಿಡೊಗ್ರೆಲ್, ಟಿಕಾಗ್ರೆಲರ್, ಆಸ್ಪಿರಿನ್ ತಪ್ಪಿದರೆ ಸ್ಟೆಂಟ್ ಮುಚ್ಚಿಕೊಳ್ಳುವ ಅಪಾಯವಿದೆ. ರಕ್ತ ತೆಳುವಾಗಿಸುವ ಹೊಸ ಮಾತ್ರೆಗಳಾದ ಅಪಿಕ್ಸಬಾನ್, ರಿವರಾಕ್ಸಬಾನ್, ಡಾಬಿಗಾಟ್ರಾನ್‌ಗಳ ಪರಿಣಾಮ ಹೆಚ್ಚುಕಡಿಮೆ ಒಂದು ದಿನದಲ್ಲೇ ಇಳಿದುಹೋಗುತ್ತದೆ. ಮೆಟೊಪ್ರೊಲಾಲ್, ಅಟೆನೊಲಾಲ್ ಗುಂಪಿನವು ಮತ್ತು ಕ್ಲೊನಿಡಿನ್ ಒಮ್ಮೆಲೇ ನಿಂತರೆ ಎದೆಬಡಿತ, ಬಿಪಿ ಹಠಾತ್ತನೆ ಏರುತ್ತದೆ. ತಿಂಗಳುಗಟ್ಟಲೆ ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್ ತೆಗೆದುಕೊಂಡವರ ದೇಹ ತನ್ನದೇ ಹಾರ್ಮೋನ್ ಮಾಡುವುದನ್ನು ಕಡಿಮೆ ಮಾಡಿರುತ್ತದೆ, ಮಾತ್ರೆ ನಿಂತರೆ ಬಿಪಿ ಕುಸಿದು ಬೀಳಬಹುದು. ಕಸಿ ಮಾಡಿದ ಮೂತ್ರಪಿಂಡದ ಔಷಧಿ, ಎಚ್‌ಐವಿ ಮತ್ತು ಕ್ಷಯರೋಗದ ಔಷಧಿ, ಪಾರ್ಕಿನ್ಸನ್ ಮಾತ್ರೆ, ಮಾನಸಿಕ ಕಾಯಿಲೆಗಳ ಮಾತ್ರೆ ಇವೂ ಇದೇ ಸಾಲಿನವು. ಕ್ಷಯ ಮತ್ತು ಎಚ್‌ಐವಿ ಔಷಧಿಗೆ ನಿಮ್ಮ ಮಾಮೂಲಿ ಕೇಂದ್ರಕ್ಕೇ ಹೋಗಬೇಕೆಂದು ಕಾಯಬೇಡಿ. ಹತ್ತಿರದ ಸರ್ಕಾರಿ ಕೇಂದ್ರದಲ್ಲಿ ಕಾರ್ಡ್ ಅಥವಾ ನೋಂದಣಿ ಸಂಖ್ಯೆ ತೋರಿಸಿ ಕೇಳಿ.

ತಪ್ಪಿದ ಮಾತ್ರೆಯ ಲೆಕ್ಕ ಸರಿದೂಗಿಸಲು ಎರಡೆರಡು ನುಂಗಬೇಡಿ. ನಾಲ್ಕು ಮಾತ್ರೆ ಉಳಿದಿವೆ, ಅರ್ಧರ್ಧ ಮಾಡಿ ಎಂಟು ದಿನ ತಳ್ಳೋಣ ಎಂಬುದೂ ಎಲ್ಲಕ್ಕೂ ನಡೆಯುವುದಿಲ್ಲ. ಹೆಸರಿನ ಜೊತೆ ಎಸ್‌ಆರ್, ಇಆರ್, ಎಕ್ಸ್‌ಎಲ್ ಎಂದಿರುವ, ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಗಳನ್ನು ಹೇಳದೆ ಮುರಿಯಬಾರದು.

ಒಂದು ಸಂದರ್ಭದಲ್ಲಿ ಮಾತ್ರ ಇದು ತಿರುಗುಮುರುಗಾಗುತ್ತದೆ. ಕೆಟ್ಟ ನೀರು ಕುಡಿದು ವಾಂತಿಭೇದಿ ಹತ್ತಿ ದೇಹ ಒಣಗಿದಾಗ ಮೆಟ್‌ಫಾರ್ಮಿನ್, ಡಾಪಾಗ್ಲಿಫ್ಲೊಜಿನ್, ಟೆಲ್ಮಿಸಾರ್ಟನ್, ರಾಮಿಪ್ರಿಲ್ ಮತ್ತು ಮೂತ್ರ ಹೆಚ್ಚಿಸುವ ಮಾತ್ರೆಗಳನ್ನು ಡಾಕ್ಟರು ಒಂದೆರಡು ದಿನ ನಿಲ್ಲಿಸಲು ಹೇಳಬಹುದು. ಇವುಗಳಲ್ಲಿ ಯಾವುದಾದರೂ ನಡೆಯುತ್ತಿದ್ದರೆ ಭೇದಿ ಶುರುವಾದ ದಿನವೇ ಫೋನ್ ಮಾಡಿ ಕೇಳಿ.

ಡಯಾಲಿಸಿಸ್ ಮಾಡಿಸಿಕೊಳ್ಳುವವರ ಮನೆಯವರು ಗಮನಿಸಿ. ಸರದಿ ತಪ್ಪುವಂತಿದ್ದರೆ ನೀರು, ಉಪ್ಪು, ಪೊಟ್ಯಾಸಿಯಂ ಮೂರನ್ನೂ ಬಿಗಿ ಹಿಡಿಯಬೇಕು. ಪರಿಹಾರ ಕೇಂದ್ರದಲ್ಲಿ ಪ್ರೀತಿಯಿಂದ ಕೊಡುವ ಎಳನೀರು, ಬಾಳೆಹಣ್ಣು ಅವರಿಗೆ ನಿಜಕ್ಕೂ ಅಪಾಯ. ಒಆರ್‌ಎಸ್ ಕೂಡ ಡಾಕ್ಟರನ್ನು ಕೇಳದೆ ಬೇಡ.

ನೀರಿನಲ್ಲಿ ನಡೆದೆ, ಇಲಿಜ್ವರದ ಮಾತ್ರೆ ಕೊಡಿ

ಮುಂಬೈಯಲ್ಲಿ ಪ್ರತಿ ಮಳೆಗಾಲದಲ್ಲೂ ಅಂಗಡಿಗೆ ಬಂದು ಹೀಗೆ ಕೇಳುವವರಿದ್ದಾರೆ. ಬೇಡಿಕೆ ತಪ್ಪಲ್ಲ, ದಾರಿ ತಪ್ಪು. ಇಲಿಜ್ವರ, ಅಂದರೆ ಲೆಪ್ಟೊಸ್ಪೈರೋಸಿಸ್, ಇಲಿ, ನಾಯಿ, ದನಗಳ ಮೂತ್ರದಿಂದ ನೀರಿಗೆ ಸೇರುವ ಬ್ಯಾಕ್ಟೀರಿಯಾದಿಂದ ಬರುತ್ತದೆ. ಕಾಲಿನ ಸಣ್ಣ ಗಾಯ, ಬಿರುಕು ಬಿಟ್ಟ ಹಿಮ್ಮಡಿ, ಕಣ್ಣು, ಬಾಯಿಗಳ ಮೂಲಕ ಒಳಹೊಗುತ್ತದೆ. 2005ರ ಪ್ರವಾಹದ ನಂತರ ಮುಂಬೈಯಲ್ಲಿ ಇದು ವ್ಯಾಪಕವಾಗಿ ಕಾಣಿಸಿಕೊಂಡಿತು. 2018ರ ಪ್ರವಾಹದ ನಂತರ ಕೇರಳದಲ್ಲಿ ನೀರಿನಲ್ಲಿ ಕೆಲಸ ಮಾಡಿದವರಿಗೆ ಡಾಕ್ಸಿಸೈಕ್ಲಿನ್ ಅನ್ನು ಮುಂಜಾಗ್ರತೆಯಾಗಿ ಕೊಡಲಾಯಿತು.

ಮುಂಜಾಗ್ರತೆಯ ಮಾತ್ರೆ ಬೇಕೇ, ಒಂದೇ ಸಲವೇ, ವಾರಕ್ಕೊಮ್ಮೆಯೇ ಎಂಬುದು ಗಾಯ ಇತ್ತೇ, ಎಷ್ಟು ಹೊತ್ತು ನೀರಿನಲ್ಲಿದ್ದಿರಿ, ಮತ್ತೆ ಇಳಿಯಬೇಕಾಗಿದೆಯೇ ಎಂಬುದರ ಮೇಲೆ ನಿಂತಿದೆ. ನೀರಿನಲ್ಲಿ ನಡೆದ 72 ಗಂಟೆಗಳೊಳಗೆ ಡಾಕ್ಟರನ್ನು ಅಥವಾ ಪಾಲಿಕೆಯ ದವಾಖಾನೆಯನ್ನು ಕಂಡರೆ ಅವರು ನಿರ್ಧರಿಸುತ್ತಾರೆ. ಗರ್ಭಿಣಿಯರಿಗೆ, 8 ವರ್ಷದೊಳಗಿನ ಮಕ್ಕಳಿಗೆ ಮುಂಜಾಗ್ರತೆಗೆಂದು ಡಾಕ್ಸಿಸೈಕ್ಲಿನ್ ಕೊಡುವುದಿಲ್ಲ, ಬೇರೆ ಔಷಧಿ ಇದೆ. ನೆರೆಮನೆಯವರ ಸ್ಟ್ರಿಪ್ ಹಂಚಿಕೊಳ್ಳಬಾರದು ಎನ್ನುವುದು ಇದಕ್ಕೇ. ತೆಗೆದುಕೊಳ್ಳುವವರು ಊಟದ ನಂತರ ದೊಡ್ಡ ಲೋಟ ನೀರಿನೊಂದಿಗೆ ನುಂಗಿ, ಅರ್ಧ ಗಂಟೆ ಮಲಗಬೇಡಿ. ಇದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಹುಣ್ಣು ಮಾಡುತ್ತದೆ. ಹಾಲು, ಆ್ಯಂಟಾಸಿಡ್, ಕಬ್ಬಿಣದ ಮಾತ್ರೆ ಅದೇ ಹೊತ್ತಿಗೆ ಬೇಡ.

ಮಾತ್ರೆ ತೆಗೆದುಕೊಂಡವರಿಗೂ ಜ್ವರ ಬರಬಹುದು. ಸಾಮಾನ್ಯವಾಗಿ 5ರಿಂದ 14 ದಿನಗಳಲ್ಲಿ, ಕೆಲವೊಮ್ಮೆ ತಿಂಗಳ ನಂತರವೂ. ಜ್ವರ, ತೀವ್ರ ತಲೆನೋವು, ಮೀನಖಂಡದಲ್ಲಿ ಮುಟ್ಟಲಾಗದ ನೋವು, ಕೆಂಪು ಕಣ್ಣು ಇದರ ಲಕ್ಷಣಗಳು. ಕಣ್ಣು ಹಳದಿಯಾಗುವುದು, ಮೂತ್ರ ಕಡಿಮೆಯಾಗುವುದು, ಉಸಿರು ಕಟ್ಟುವುದು ಕಂಡರೆ ತಕ್ಷಣ ಆಸ್ಪತ್ರೆಗೆ. ಡಾಕ್ಟರಿಗೆ "ಇಂಥ ತಾರೀಕಿನಂದು ನೆರೆ ನೀರಿನಲ್ಲಿ ನಡೆದಿದ್ದೆ" ಎಂದು ನೀವಾಗಿಯೇ ಹೇಳಿ. ಎರಡು ವಾರ ಕಳೆದ ಮೇಲೆ ಅದನ್ನು ಯಾರೂ ನೆನಪಿಸಿಕೊಳ್ಳುವುದಿಲ್ಲ, ಡೆಂಗಿ ಎಂದುಕೊಂಡು ದಿನ ಕಳೆಯುತ್ತದೆ. ಯಾವ ಜ್ವರವೆಂದು ಗೊತ್ತಾಗುವವರೆಗೆ ಪ್ಯಾರಸಿಟಮಾಲ್ ಒಂದೇ ಸಾಕು. ಐಬುಪ್ರೊಫೇನ್, ಡೈಕ್ಲೊಫೆನಾಕ್ ಬೇಡ. ಹೃದಯಕ್ಕಾಗಿ ಮೊದಲಿನಿಂದ ಆಸ್ಪಿರಿನ್ ತೆಗೆದುಕೊಳ್ಳುವವರು ಅದನ್ನು ತಾವಾಗಿ ನಿಲ್ಲಿಸದೆ ಡಾಕ್ಟರಿಗೆ ತಿಳಿಸಿ.

ಕುಡಿಯುವ ನೀರನ್ನು ಒಂದು ನಿಮಿಷವಾದರೂ ಕೊತಕೊತ ಕುದಿಸಿ. ಗ್ಯಾಸ್ ಇಲ್ಲದಿದ್ದರೆ ಕ್ಲೋರಿನ್ ಮಾತ್ರೆ ಹಾಕಿ ಅರ್ಧ ಗಂಟೆ ಕಾಯಿರಿ, ಎಷ್ಟು ಲೀಟರಿಗೆ ಒಂದು ಎಂಬುದು ಅದರ ಪಟ್ಟಿಯ ಮೇಲಿರುತ್ತದೆ. ಒಆರ್‌ಎಸ್ ಪೊಟ್ಟಣದಲ್ಲಿ 1 ಲೀಟರಿನದೂ ಇದೆ, 200 ಮಿಲಿಲೀಟರಿನದೂ ಇದೆ. ದೊಡ್ಡ ಪೊಟ್ಟಣವನ್ನು ಒಂದು ಲೋಟಕ್ಕೆ ಸುರಿದರೆ ಮಗುವಿಗೆ ಉಪ್ಪು ಹೆಚ್ಚಾಗಿ ಅಪಾಯ. ಹಣ್ಣಿನ ರುಚಿಯ ಡಬ್ಬಿ ಪಾನೀಯಗಳು ಒಆರ್‌ಎಸ್ ಅಲ್ಲ.

ಚೀಟಿಯೇ ಇಲ್ಲದಿದ್ದರೆ?

ಆ ಹುಬ್ಬಳ್ಳಿಯ ದಂಪತಿಯ ವಿಷಯಕ್ಕೆ ಬರುತ್ತೇನೆ. ಮಗನ ಫೋನಿನಲ್ಲಿ ಎರಡು ತಿಂಗಳ ಹಿಂದಿನ ಬಿಲ್ಲಿನ ಫೋಟೊ ಸಿಕ್ಕಿತು. ಅದರಲ್ಲಿದ್ದ ಬ್ರ್ಯಾಂಡ್ ನಮ್ಮಲ್ಲಿರಲಿಲ್ಲ, ಆದರೆ ಒಳಗಿನ ಔಷಧಿ ಯಾವುದೆಂದು ತಿಳಿಯಿತು. ಬೀದಿಯ ತುದಿಯ ಡಾಕ್ಟರು ಹೊಸ ಚೀಟಿ ಬರೆದರು, ಹತ್ತೂವರೆಗೆ ಮೊದಲ ಮಾತ್ರೆ ನುಂಗಿಯಾಯಿತು. ಆ ಒಂದು ಫೋಟೊ ಇಲ್ಲದಿದ್ದರೆ ಮಧ್ಯಾಹ್ನವಾಗುತ್ತಿತ್ತು, ಬಹುಶಃ ಮರುದಿನ.

ಊರಿನಿಂದ ಬಂದು ಮಕ್ಕಳ ಮನೆಯಲ್ಲಿರುವ ಹಿರಿಯರಿಗೆ ಈ ತೊಂದರೆ ಹೆಚ್ಚು. ಬಾಗಲಕೋಟೆಯಲ್ಲೋ ಶಿವಮೊಗ್ಗದಲ್ಲೋ ಸಿಗುವ ಬ್ರ್ಯಾಂಡ್ ಪುಣೆಯಲ್ಲಿ, ದೆಹಲಿಯಲ್ಲಿ ಸಿಗಬೇಕೆಂದಿಲ್ಲ. ಹೆಸರು ಹತ್ತಿರವಿದ್ದು ಒಳಗಿನ ಮದ್ದು ಬೇರೆಯೇ ಇರುವ ಬ್ರ್ಯಾಂಡ್‌ಗಳೂ ಇವೆ. ಪರಿಹಾರ ಕೇಂದ್ರದ ವೈದ್ಯರಿಗೆ ಕನ್ನಡ ಬಾರದು, ಅಪ್ಪನಿಗೆ ಹಿಂದಿಯಾಗಲಿ ತಮಿಳಾಗಲಿ ಬಾರದು. "ಬೆಳಿಗ್ಗೆ ಒಂದು ಬಿಳಿ ಮಾತ್ರೆ" ಎಂಬ ವಿವರಣೆಯಿಂದ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಆದ್ದರಿಂದ ಒಂದು ಕಾರ್ಡಿನಲ್ಲಿ ಔಷಧಿಯ ಮೂಲ ಹೆಸರು, ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು ಸಲ, ಯಾವುದಕ್ಕೆ ಅಲರ್ಜಿ ಎಂಬುದನ್ನು ಇಂಗ್ಲಿಷಿನಲ್ಲಿ ಬರೆಯಿರಿ. ಹಿಂಬದಿಯಲ್ಲಿ ಹಿರಿಯರಿಗೆ ಅರ್ಥವಾಗುವಂತೆ ಕನ್ನಡದಲ್ಲಿ ಬರೆಯಿರಿ. ಕಾರ್ಡ್, ಚೀಟಿ, ಸ್ಟ್ರಿಪ್‌ನ ಹಿಂಭಾಗ ಮೂರರ ಫೋಟೊ ಮನೆಯ ಇಬ್ಬರ ಫೋನಿನಲ್ಲಿರಲಿ, ಒಬ್ಬರು ಬೇರೆ ಊರಿನಲ್ಲಿರುವವರಾದರೆ ಇನ್ನೂ ಒಳ್ಳೆಯದು. ಮಾತ್ರೆಗಳನ್ನು ಸ್ಟ್ರಿಪ್‌ನಿಂದ ಬಿಡಿಸಿ ಡಬ್ಬಿಗೆ ಹಾಕುವ ಅಭ್ಯಾಸ ಬಿಡಿಸಿ. ಈ ಮಾತಿಗೆ ನನ್ನ ಅತ್ತೆಯವರೇ ಇನ್ನೂ ಒಪ್ಪಿಲ್ಲ.

ಹೊರಗೆ ಹೋಗಲಾಗದಿದ್ದರೆ ಸರ್ಕಾರದ ಇ-ಸಂಜೀವಿನಿಯಲ್ಲಿ ಫೋನಿನ ಮೂಲಕವೇ ಡಾಕ್ಟರನ್ನು ಕಾಣಬಹುದು. ನಡೆಯುತ್ತಿರುವ ಬಿಪಿ, ಸಕ್ಕರೆ ಮಾತ್ರೆಗಳ ಚೀಟಿಯನ್ನು ಹೀಗೆ ಹೊಸದಾಗಿ ಪಡೆಯಲು 2020ರ ಟೆಲಿಮೆಡಿಸಿನ್ ಮಾರ್ಗಸೂಚಿ ಅವಕಾಶ ಕೊಟ್ಟಿದೆ. ಕೆಲವು ನೋವಿನ ಮತ್ತು ನಿದ್ರೆಯ ಔಷಧಿಗಳನ್ನು ಮಾತ್ರ ಫೋನಿನಲ್ಲಿ ಬರೆಯುವಂತಿಲ್ಲ. ನೀರು ಇಳಿದ ಮೇಲೂ ನಿದ್ದೆ ಬಾರದಿದ್ದರೆ, ಮಳೆಯ ಸದ್ದಿಗೇ ಎದೆ ಹೊಡೆದುಕೊಳ್ಳುತ್ತಿದ್ದರೆ 14416ಕ್ಕೆ ಕರೆ ಮಾಡಿ. ಅದು ಟೆಲಿ-ಮಾನಸ್, ಕನ್ನಡದಲ್ಲೂ ಮಾತಾಡಬಹುದು.

ನೆರವು ಕೊಡುವವರಿಗೂ ಒಂದು ಮಾತು. ಮನೆಯಲ್ಲಿ ಉಳಿದ ಅರ್ಧ ಸ್ಟ್ರಿಪ್‌ಗಳನ್ನು ಪರಿಹಾರ ಕೇಂದ್ರಕ್ಕೆ ಕಳುಹಿಸಬೇಡಿ. ಕತ್ತರಿಸಿದ ಸ್ಟ್ರಿಪ್‌ನಲ್ಲಿ ಹೆಸರೋ ಅವಧಿ ಮುಗಿಯುವ ದಿನಾಂಕವೋ ಇರುವುದಿಲ್ಲ, ಅವನ್ನು ವಿಂಗಡಿಸುವುದರಲ್ಲೇ ಅಲ್ಲಿನ ಫಾರ್ಮಸಿಸ್ಟರ ದಿನ ಕಳೆಯುತ್ತದೆ. ರೋಗಿಗಳಿಂದ ಹಿಂತಿರುಗಿ ಬಂದ ಔಷಧಿಯನ್ನು ದಾನವಾಗಿ ಕೊಡಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯೂ ಹೇಳುತ್ತದೆ. ಏನು ಬೇಕೆಂದು ಮೊದಲು ಕೇಳಿ, ಅದನ್ನು ಕೊಂಡುಕೊಡಿ.

ಇನ್ನು ಕಟ್ಟಿಡುವ ಚೀಲದ ವಿಷಯ. ಏಳರಿಂದ ಹತ್ತು ದಿನದ ಹೆಚ್ಚುವರಿ ಮಾತ್ರೆ, ಕಾರ್ಡ್, ಒಆರ್‌ಎಸ್, ಪ್ಯಾರಸಿಟಮಾಲ್, ಕ್ಲೋರಿನ್ ಮಾತ್ರೆ ಇವನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಅದನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು, ತಲೆಗಿಂತ ಎತ್ತರದ ಕಪಾಟಿನಲ್ಲಿಡಿ. ಪ್ರತಿ ತಿಂಗಳು ಹೊಸ ಮಾತ್ರೆ ತಂದಾಗ ಅದನ್ನು ಚೀಲಕ್ಕೆ ಹಾಕಿ ಚೀಲದಲ್ಲಿದ್ದದ್ದನ್ನು ಬಳಸಲು ತೆಗೆಯಿರಿ. ಆಗ ಯಾವುದೂ ಅವಧಿ ಮೀರುವುದಿಲ್ಲ. ಮುಂಬೈ, ಪುಣೆ, ಹೈದರಾಬಾದ್, ದೆಹಲಿಯವರು ಮೇ ಕೊನೆಯ ವಾರದಲ್ಲಿ ಇದನ್ನೊಮ್ಮೆ ತೆರೆದು ನೋಡಿ. ಚೆನ್ನೈಗೆ ದೊಡ್ಡ ಮಳೆ ಬರುವುದು ಹಿಂಗಾರಿನಲ್ಲಿ, ಅಲ್ಲಿಯವರು ಸೆಪ್ಟೆಂಬರ್ ಕೊನೆಯಲ್ಲಿ ನೋಡಿದರೆ ಸಾಕು.